ಮಾವನ ಕಾರಿನ ಮೂಗು

ನಮ್ಮ ಸೋದರಮಾವನಿಗೆ ಈ ಭೂಮಿಯ ಮೇಲೆ ಯಾರ ಆರೋಗ್ಯದ ಚಿಂತೆಯೂ ಇಲ್ಲ, ಅವರ ಕಾರಿನದೊಂದನ್ನು ಬಿಟ್ಟು! ಇದು ನನ್ನ ಮಾತಲ್ಲ, ಸ್ವತಃ ನಮ್ಮ ಅತ್ತೆಯ ಮಾತು. ಮನೆಯಲ್ಲಿ ಯಾರು ಸೀನಿದರೂ ಕೆಮ್ಮಿದರೂ ಮಾವ ಪೇಪರಿನಿಂದ ತಲೆ ಎತ್ತುವುದಿಲ್ಲ. ಅದೇ ಅಂಗಳದಲ್ಲಿ ಕಾರು ಒಮ್ಮೆ ಗೊರ್ ಎಂದರೆ ಮುಗಿಯಿತು, ಚಹಾ ಅಲ್ಲೇ, ಚಪ್ಪಲಿ ಇಲ್ಲೇ, ಮಾವ ಬಾನೆಟ್ಟಿನ ಕೆಳಗೆ.

"ನನಗ ಜ್ವರ ಬಂದಾಗ ಗುಳಿಗಿ ತರಾಕ ನಾನ ಹೋಗಿದ್ದೆ. ಆ ಡಬ್ಬಿಗೆ ನೆಗಡಿ ಬಂದ್ರ ಇವರು ಊಟ ಬಿಡ್ತಾರ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಹೊಸಪೇಟೆಯಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಹಾಗಾಗಿ ನಾನು ಹೇಳುವುದರಲ್ಲಿ ಕೇಳಿದ್ದು ಕಡಿಮೆ, ಕಂಡದ್ದೇ ಹೆಚ್ಚು.

ಮಾವ ಸಂಡೂರು ದಾರಿಯ ಒಂದು ಅದಿರಿನ ಡಿಪೋದಲ್ಲಿ ಲಾರಿ ತೂಗಿಸುವ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಿಟಕಿಯ ಈಚೆ ಮಾವ, ಆಚೆ ಲಾರಿಗಳ ಸಾಲು, ನಡುವೆ ಕೆಂಪು ಧೂಳು. ಸಂಜೆ ಮನೆಗೆ ಬಂದರೆ ಕಣ್ಣು, ಹಲ್ಲು ಬಿಟ್ಟು ಉಳಿದದ್ದೆಲ್ಲ ಕೆಂಪು! ಅತ್ತೆ ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ಕೊಡ ಸುರಿದು ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಊರಿಗೆಲ್ಲ ವರ್ಷಕ್ಕೊಮ್ಮೆ ಓಕುಳಿಯಾದರೆ ಆ ಅಂಗಳದಲ್ಲಿ ದಿನಾ ಓಕುಳಿ. ಕಾರಿನ ಪಾಡೂ ಅದೇ. ಡಿಪೋದ ಬೇಲಿಯ ಪಕ್ಕ ದಿನವಿಡೀ ನಿಂತು, ಒಡೆಯ ತಿಂದ ಧೂಳನ್ನೇ ಅದೂ ತಿಂದಿತ್ತು. ಆರ್.ಸಿ. ಕಾರ್ಡಿನಲ್ಲಿ ಅದರ ಬಣ್ಣ ಬಿಳಿ ಎಂದಿದೆ. ಕಾರ್ಡನ್ನು ನಂಬಬೇಕೋ ಕಣ್ಣನ್ನು ನಂಬಬೇಕೋ?

ನಿವೃತ್ತಿಯಾದ ಹೊಸದರಲ್ಲಿ ಗ್ಯಾರೇಜಿನ ಮೇಸ್ತ್ರಿ ಅದರ ಏರ್ ಫಿಲ್ಟರ್ ಬಿಚ್ಚಿ ಮಾವನ ಮುಂದೆ ಕೊಡವಿದ. ಒಂದು ಬೊಗಸೆ ಕೆಂಪು ಮಣ್ಣು ಬಿತ್ತು. ಮಾವ ಅದನ್ನೇ ನೋಡುತ್ತ ನಿಂತರಂತೆ. ಅಂದಿನಿಂದ ಹಿಡಿಯಿತು ನೋಡಿ, ಗಾಳಿಯ ಗೀಳು!

"ನೋಡವಾ, ಗಾಡಿ ಅಂದ್ರ ಡೀಸೆಲ್ ಅಲ್ಲ, ಉಸಿರು" ಎಂದು ನನಗೆ ಪಾಠ ಶುರುವಾಯಿತು. "ಅದಕ್ಕ ಇರೋದು ಒಂದು ಕಾಗದದ ಫಿಲ್ಟರು. ಮಾಡಿದೋರು ತಮ್ಮೂರ ಗಾಳಿ ನೋಡಿ ಮಾಡ್ಯಾರ. ಸಂಡೂರ ಗಾಳಿ ಅವರಿಗೇನು ಗೊತ್ತೈತಿ?"

"ಮತ್ತ ಇಷ್ಟು ವರ್ಷ ಅದೇ ಗಾಳಿ ಕುಡಿದೀರಿ, ನಿಮ್ಮ ಮೂಗಿಗೆ ಏನು ಮಾಡೀರಿ ಮಾವ?"

"ನಮ್ಮ ಮೂಗು ದೇವರು ಇಲ್ಲಿ ಗಾಳಿ ನೋಡೇ ಮಾಡ್ಯಾನ. ಅದಕ್ಕೇನೂ ಆಗಂಗಿಲ್ಲ ಬಿಡು."

ಪ್ರತಿ ಭಾನುವಾರ ಫಿಲ್ಟರ್ ಬಿಚ್ಚುವುದು, ಅತ್ತೆ ಬಟ್ಟೆ ಒಗೆಯುವ ಕಲ್ಲಿಗೆ ತಟ್ಟುವುದು, ತಿರುಗಿ ಜೋಡಿಸುವುದು. ಜೋಡಿಸುವ ಮೊದಲು ಒಂದು ಪರೀಕ್ಷೆ. ಫಿಲ್ಟರಿನ ಪೈಪಿಗೆ ಬಾಯಿ ಹಚ್ಚಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆಯುವುದು! ಉಸಿರು ಸಲೀಸಾಗಿ ಬಂದರೆ "ಪಾಸ್!" ಎಂದು ಕೂಗು. ಬೀದಿಯಲ್ಲಿ ಹೋಗುವವರಿಗೆ ಯಾರೋ ವಾದ್ಯ ಕಲಿಯುತ್ತಿದ್ದಾರೆ ಅನ್ನಿಸಬೇಕು. ಒಗೆದ ಬಿಳಿ ಬಟ್ಟೆಗೆಲ್ಲ ಕೆಂಪು ಹತ್ತಿ ಅತ್ತೆ ಕೂಗಾಡುತ್ತಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ಮಾವನಿಗೆ ಕಿವಿ ಕೇಳುವುದಿಲ್ಲ.

ಮೊದಲ ಸುಧಾರಣೆ ಮೂಗು. ಧೂಳು ನೆಲದ ಹತ್ತಿರ ಹೆಚ್ಚು, ಮೇಲೆ ಕಡಿಮೆ, ಹೌದೋ ಅಲ್ಲವೋ? ಹಾಗಾದರೆ ಗಾಡಿ ಮೇಲಿನ ಗಾಳಿಯನ್ನೇ ಕುಡಿಯಲಿ! ಮನೆ ಕಟ್ಟುವಾಗ ಉಳಿದ ಪಿ.ವಿ.ಸಿ. ಪೈಪು ಬಾನೆಟ್ಟಿನ ಪಕ್ಕದಿಂದ ಹೊರಟು, ಕನ್ನಡಿಯ ಬದಿಗೆ ಏರಿ, ಟಾಪಿನ ಮೇಲೆ ಕತ್ತು ತಿರುಗಿಸಿ ನಿಂತಿತು. ತುದಿಗೆ ಅತ್ತೆಯ ಚಹಾ ಸೋಸುವ ಜಾಲರಿ. ಆ ವಾರವೆಲ್ಲ ಆ ಮನೆಯ ಚಹಾ ಅಗಿದು ಕುಡಿಯಬೇಕಾಗಿತ್ತು.

ಹೊಸ ಮೂಗಿನೊಂದಿಗೆ ಕಂಪ್ಲಿಗೆ ಹೊರಟೆವು. ಭತ್ತದ ಸುಗ್ಗಿ ಕಾಲ. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು, ಗಾಳಿಯ ತುಂಬ ಹೊಟ್ಟು. ಮೂಗು ಮುಂದಕ್ಕೆ ಬಾಯಿ ತೆರೆದುಕೊಂಡೇ ಇತ್ತಲ್ಲ, ಎಷ್ಟು ಸಿಕ್ಕಿತೋ ಅಷ್ಟೂ ಸೇವಿಸಿತು! ಊರು ಹೊಗುವ ಮೊದಲೇ ಜಾಲರಿ ಕಟ್ಟಿ ಗಾಡಿ ಉಬ್ಬಸ ಬಂದವರಂತೆ ಎರಡು ಸಲ ಎಳೆದು ನಿಂತಿತು. ಪೊಲೀಸಪ್ಪನೊಬ್ಬ ಬಂದು ಪೈಪನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ.

"ಏನ್ರಿ ಇದು, ಗಾಡಿಗೆ ಸಂಡಾಸ್ ಪೈಪ್ ಜೋಡಿಸೀರಿ?"

"ಮೂಗು ರೀ ಅದು. ಧೂಳು ಹೋಗಬಾರದು ಅಂತ."

ಪೊಲೀಸಪ್ಪ ತುಸು ಯೋಚಿಸಿದ. "ಹಂಗಾರ ಅದಕ್ಕೊಂದು ಮಾಸ್ಕ್ ಹಾಕ್ರಿ ಸಾಹೇಬ್ರ. ಬರೀ ಮೂಗು ಇಟ್ರ ಆಗಂಗಿಲ್ಲ" ಎಂದು ಹೇಳಿ ಹೋದ. ಹಿಂದೆ ಕುಳಿತ ನಾನು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಿದ್ದೆ. ಮಾವ ನಗಲಿಲ್ಲ. ಆ ಮನುಷ್ಯನಿಗೆ ಎಂಥ ತಲೆ ಇದೆ ಎಂದು ಮೆಚ್ಚಿಕೊಳ್ಳುತ್ತಿದ್ದರು.

ಎರಡನೆಯ ಸುಧಾರಣೆಗೆ ಸ್ಫೂರ್ತಿ ಎಮ್ಮಿಗನೂರು. ಅದು ಅತ್ತೆಯ ತವರು. ಅಲ್ಲಿನ ಹಳೆಯ ಟ್ರ್ಯಾಕ್ಟರಿನಲ್ಲಿ ಕಾಗದದ ಫಿಲ್ಟರೇ ಇಲ್ಲ, ಒಂದು ಬಟ್ಟಲಿನಲ್ಲಿ ಎಣ್ಣೆ. ಗಾಳಿ ಎಣ್ಣೆಯ ಮೇಲೆ ಹಾಯ್ದು ಬರುತ್ತದೆ, ಧೂಳು ಎಣ್ಣೆಗೆ ಅಂಟಿಕೊಂಡು ಉಳಿಯುತ್ತದೆ. ಮಾವ ಊಟಕ್ಕೂ ಏಳದೆ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಮರುದಿನ ಹೊಸಪೇಟೆಯಲ್ಲಿ ಒಂದು ಸ್ಟೀಲ್ ಡಬ್ಬಿಗೆ ತೂತು ಬಿತ್ತು, ಪೈಪು ಬಂತು, ಎಲ್ಲ ಸಿದ್ಧ. ಎಂಜಿನ್ ಆಯಿಲ್ ಒಂದು ಇರಲಿಲ್ಲ. ಅಂಗಡಿಗೆ ಯಾರು ಹೋಗಬೇಕು? ಅಡುಗೆಮನೆಯಲ್ಲಿ ಶೇಂಗಾ ಎಣ್ಣೆ ಇತ್ತು. ಎಣ್ಣೆ ಎಂದರೆ ಎಣ್ಣೆ! ಕಡಿಮೆ ಬಿದ್ದೀತೆಂದು ಡಬ್ಬಿಯ ಕುತ್ತಿಗೆಯವರೆಗೂ ಸುರಿದರು.

ಆ ದಿನ ನೆಂಟರನ್ನು ಹಂಪಿಗೆ ಕರೆದುಕೊಂಡು ಹೊರಟಿದ್ದೆವು. ಗಾಡಿ ಎಣ್ಣೆಯನ್ನು ಗಾಳಿಯ ಸಂಗಡವೇ ಎಳೆದುಕೊಂಡಿರಬೇಕು. ಕಡ್ಡಿರಾಂಪುರ ದಾಟುವಷ್ಟರಲ್ಲಿ ಹಿಂದೆ ಬೆಳ್ಳಗೆ ಹೊಗೆ, ಜೊತೆಗೆ ಘಮಘಮ ವಾಸನೆ. ಯಾವ ವಾಸನೆ? ಈಗ ತಾನೇ ಬಾಣಲೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿಯದು! ನೆಂಟರು ಹೊಟ್ಟೆ ಹಿಡಿದುಕೊಂಡು ಅತ್ತಿತ್ತ ಅಂಗಡಿ ಹುಡುಕಿದರು. ಹಂಪಿಯಲ್ಲಿ ಗಾಡಿ ನಿಲ್ಲಿಸಿದ್ದೇ ತಡ, ಒಬ್ಬ ಯಾತ್ರಿಕ ಕಿಟಕಿಗೆ ಬಂದು, ಬಜ್ಜಿಗೆ ಜೋಡಿಯಾದ ಮಂಡಕ್ಕಿಯನ್ನೂ ಸೇರಿಸಿ ಕೇಳಿದ:

"ಎರಡು ಪ್ಲೇಟ್ ಬಜ್ಜಿ, ಮಂಡಾಳ ಒಗ್ಗರಣಿ ಐತೇನ್ರಿ?"

"ಒಗ್ಗರಣಿ ಇಲ್ಲಪ್ಪ" ಎಂದರು ಮಾವ ಗಂಭೀರವಾಗಿ, ಬಜ್ಜಿ ಇದೆ ಎನ್ನುವ ಹಾಗೆ.

ಗ್ಯಾರೇಜಿನ ಮೇಸ್ತ್ರಿ ಮೂಗೊಂದನ್ನು ಬಿಟ್ಟು ಅದನ್ನೆಲ್ಲ ಬಿಚ್ಚಿ ತೊಳೆದು, ಇನ್ನು ಮುಂದೆ ಅಡುಗೆಮನೆಯ ಸಾಮಾನು ಎಂಜಿನ್ನಿಗೆ ಬ್ಯಾಡ ಎಂದು ಕೈಮುಗಿದು ಕೇಳಿಕೊಂಡ. ಮಾವ ಮಾತಿಗೆ ತಪ್ಪುವವರಲ್ಲ. ಆಮೇಲೆ ಅಡುಗೆಮನೆಗೆ ಕೈ ಹಾಕಲಿಲ್ಲ. ಅತ್ತೆಯ ಟ್ರಂಕಿಗೆ ಹಾಕಿದರು.

ಆ ಟ್ರಂಕಿನಲ್ಲಿ ಅತ್ತೆಯ ತಾಯಿ ಉಟ್ಟ ಒಂದು ಹತ್ತಿ ಸೀರೆ ಇತ್ತು. ಒಗೆದು ಒಗೆದು ಬೆಣ್ಣೆಯಂತಾದದ್ದು. ಅತ್ತೆ ಉಡುತ್ತಿರಲಿಲ್ಲ, ಆಗೀಗ ತೆಗೆದು ಮೂಸಿ ನೋಡಿ ಇಡುತ್ತಿದ್ದರು. ಫಿಲ್ಟರಿನ ಬಾಯಿಗೆ ಪದರ ಪದರವಾಗಿ ಕಟ್ಟಲು ಅದಕ್ಕಿಂತ ನಯವಾದ ಬಟ್ಟೆ ಜಿಲ್ಲೆಯಲ್ಲೇ ಇಲ್ಲವೆಂದು ಮಾವನಿಗೆ ಕಂಡಿತು. ಅತ್ತೆ ಸಂತೆಯಿಂದ ಬರುವಷ್ಟರಲ್ಲಿ ಸೀರೆ ಅರ್ಧವಾಗಿತ್ತು.

ಆ ದಿನ ಅತ್ತೆ ಕೂಗಾಡಲಿಲ್ಲ. ನಮಗೆಲ್ಲ ಹೆದರಿಕೆಯಾದದ್ದು ಅದಕ್ಕೇ. ಉಳಿದ ಅರ್ಧವನ್ನು ಮಡಿಚಿ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬಂದು, ತಣ್ಣಗೆ ಹೇಳಿದರು:

"ಇನ್ನ ಮ್ಯಾಲೆ ಆ ಗಾಡ್ಯಾಗ ನಾ ಕುಂದ್ರಂಗಿಲ್ಲ. ನೀವುಂಟು, ನಿಮ್ಮ ಗಾಡಿ ಉಂಟು."

ನಾವು ನಾಲ್ಕು ದಿನದ ಕೋಪ ಎಂದುಕೊಂಡೆವು. ಅತ್ತೆ ನಿಜಕ್ಕೂ ಕೂರಲಿಲ್ಲ. ತವರಿಗೆ ಹೊರಟರೆ ಬಸ್ಸು. ಮಾವ ಬೇಡಿಕೊಂಡರೂ ಬಸ್ಸೇ. ಒಮ್ಮೆ ಅತ್ತೆಯ ಪಕ್ಕದಲ್ಲಿ ನಾನೂ ಇದ್ದೆ. ಹೊಸಪೇಟೆ ಬಿಟ್ಟ ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಹಿಂದಿನ ಗಾಜಿನಿಂದ ನೋಡಿ ಬಂದ.

"ಯವ್ವಾ, ಪೈಪಿನ ಕಾರೊಂದು ಆಗಿಂದ ಬೆನ್ನು ಹತ್ತೈತಿ. ಸೈಡ್ ಕೊಟ್ರೂ ಮುಂದ ಹೋಗವಲ್ದು!"

"ಯಾರೋ ಹುಚ್ಚ ಇರಬೇಕಪ್ಪ" ಎಂದರು ಅತ್ತೆ, ತಿರುಗಿಯೂ ನೋಡದೆ.

ಕಂಪ್ಲಿಯಲ್ಲಿ ಬಸ್ಸು ನಿಂತಾಗ ಆ ಹುಚ್ಚ ಕಿಟಕಿಯ ಕೆಳಗೆ ಬಂದು ನಿಂತ. ಕೈಯಲ್ಲಿ ನೀರಿನ ಬಾಟಲಿ. "ನೀರು ಮರ್ತು ಬಂದೀಯಲ್ಲ" ಎಂದು ಮೇಲೆ ಚಾಚಿದರು ಮಾವ. ಅತ್ತೆ ಬಾಟಲಿ ತೆಗೆದುಕೊಂಡರು, ನೀರು ಕುಡಿದರು. ಆದರೆ ಇಳಿಯಲಿಲ್ಲ. ಮಾವ ಬಸ್ಸಿನ ಹೊಗೆ ಕುಡಿಯುತ್ತ ಎಮ್ಮಿಗನೂರಿನವರೆಗೂ ಹಿಂದೆಯೇ ಬಂದರು. ಹೆಂಡತಿ ಒಂದು ಗಾಡಿಯಲ್ಲಿ, ಗಂಡ ಇನ್ನೊಂದರಲ್ಲಿ, ಒಂದೇ ಊರಿಗೆ, ಒಂದೇ ಮನೆಗೆ! ಇಂಥ ಮೆರವಣಿಗೆ ಎಲ್ಲಾದರೂ ಕಂಡಿದ್ದೀರಾ?

ಅಂದಿನಿಂದ ಮಾವ ಮುಂದಿನ ಎಡಗಡೆ ಸೀಟಿಗೆ ಒಂದು ಬಿಳಿ ಟವೆಲ್ ಹಾಸಿಟ್ಟರು. ಅದರ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ. ನಾನು ಬಾಗಿಲು ತೆಗೆಯಹೋದರೆ "ಹಿಂದ ಕುಂದ್ರವಾ, ಅದು ಬುಕ್ ಆಗೈತಿ" ಎನ್ನುತ್ತಿದ್ದರು. ಭಾನುವಾರಕ್ಕೊಮ್ಮೆ ಆ ಟವೆಲನ್ನು ತಾವೇ ಒಗೆದು ಹಾಕುತ್ತಿದ್ದರು. ಗೋಡೆಯಾಚೆಯಿಂದ ಅದನ್ನು ನೋಡುವಾಗ ನನಗೆ ನಗು ಬರುವುದು ನಿಂತುಹೋಗಿತ್ತು. ಅತ್ತೆಯೂ ನೋಡುತ್ತಿದ್ದರು, ಆದರೆ ಆಡಿದ ಮಾತು ಆಡಿದ್ದೇ.

ಕಳೆದ ಬೇಸಿಗೆಯ ಒಂದು ಭಾನುವಾರ ಮಾವನ ಅಂಗಳದಿಂದ "ಪಾಸ್!" ಎಂಬ ಕೂಗು ಬರಲಿಲ್ಲ. ಇಣುಕಿದೆ. ಮಾವ ಕಲ್ಲಿನ ಮೇಲೆ ಕುಳಿತು ಪೈಪನ್ನು ಬಾಯಿಗೆ ಹಚ್ಚಿ ಎಳೆಯುತ್ತಿದ್ದರು, ಕೆಮ್ಮುತ್ತಿದ್ದರು, ಮತ್ತೆ ಎಳೆಯುತ್ತಿದ್ದರು.

"ಫಿಲ್ಟರ್ ಕಟ್ಟೇತವಾ. ಉಸಿರೇ ಬರವಲ್ದು" ಎಂದರು. ಸೀರೆಯ ಒಂದು ಪದರ ಬಿಚ್ಚಿದರು. ಎಳೆದರು. ಇನ್ನೊಂದು ಪದರ ಬಿಚ್ಚಿದರು. ಕೊನೆಗೆ ಬಟ್ಟೆಯೆಲ್ಲ ತೆಗೆದು, ಅಂಗಡಿಯಿಂದ ತಂದಿಟ್ಟಿದ್ದ ಹೊಸ ಫಿಲ್ಟರನ್ನೇ ಹಾಕಿ ಎಳೆದರು. "ಇದೂ ಕಟ್ಟೇತಿ ನೋಡು! ಈಗಿನ ಮಾಲು ಭಾಳ ಖರಾಬ್."

"ಕೊಡ್ರಿ ಇಲ್ಲಿ" ಎಂದು ನಾನು ಇಸಿದುಕೊಂಡು ಪೈಪಿಗೆ ಬಾಯಿ ಹಚ್ಚಿದೆ. ತಮಾಷೆಗೆ ಹಚ್ಚಿದ್ದು. ಎಳೆದೆ. ಗಾಳಿ ಸಲೀಸಾಗಿ, ತಣ್ಣಗೆ ಎದೆ ತುಂಬ ಬಂತು. ಪೈಪನ್ನು ಮೆಲ್ಲಗೆ ಕೆಳಗಿಳಿಸಿದೆ. ಮಾವ ನನ್ನ ಮುಖ ನೋಡಿದರು, ಪೈಪನ್ನು ನೋಡಿದರು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಮನೆಗೆ ಬೀಗ ಹಾಕಿ ಬಂದು, ಕಾರಿನ ಮುಂದಿನ ಬಾಗಿಲು ತೆಗೆದು, ಆ ಬಿಳಿ ಟವೆಲಿನ ಮೇಲೆ ಕುಳಿತರು. "ನಡೀರಿ ದವಾಖಾನಿಗೆ" ಎಂದರು. ಮಾವ ಬೀಗದ ಕೈ ತಿರುಗಿಸಲು ಮರೆತು ಸ್ಟಿಯರಿಂಗ್ ತಿರುಗಿಸಲು ಹೊರಟರು. ನಾನು ಹಿಂದಿನ ಸೀಟಿನಲ್ಲಿದ್ದೆ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಧೂಳು ರೀ. ವರ್ಷಗಟ್ಟಲೆ ಕುಂತೈತಿ. ಇನ್ನ ಹೆಚ್ಚಾಗದಂಗ ಔಷಧಿ ಕೊಡ್ತೀನಿ, ಧೂಳಿನ ಕಡೆ ಹೋಗಬ್ಯಾಡ್ರಿ. ಆದ್ರ ಒಳಗ ಕುಂತಿದ್ದನ್ನ ತೆಗಿಯಾಕ ಬರಂಗಿಲ್ಲ."

ಮಾವ ಆ ಚಿತ್ರವನ್ನೇ ನೋಡುತ್ತಿದ್ದರು, ಅಂದು ಗ್ಯಾರೇಜಿನಲ್ಲಿ ಮಣ್ಣನ್ನು ನೋಡಿರಬಹುದಾದ ಹಾಗೆ. ಆಮೇಲೆ ಮೆಲ್ಲಗೆ ಕೇಳಿದರು:

"ಬಿಚ್ಚಿ, ಕಲ್ಲಿಗೆ ನಾಕ್ ಸಲ ತಟ್ಟಿ, ತಿರುಗಿ ಹಾಕಾಕ ಬರಂಗಿಲ್ಲೇನ್ರಿ ಡಾಕ್ಟ್ರ?"

ಡಾಕ್ಟರು ನಕ್ಕರು. ಮಾವನೂ ನಕ್ಕರು, ನಗು ಕೆಮ್ಮಾಯಿತು. ಅತ್ತೆ ನಗಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕಣ್ಣೀರು ಹಾಕಿದೆ. ಇಷ್ಟು ವರ್ಷ ಆ ಮನುಷ್ಯ ಕಾರಿನ ಉಸಿರಿಗೆ ಪಟ್ಟ ಪಾಡಿನಲ್ಲಿ ನಾಲ್ಕಾಣೆಯಷ್ಟನ್ನು ತನ್ನ ಉಸಿರಿಗೆ ಪಟ್ಟಿದ್ದರೆ!

ಈಗ ಔಷಧಿ ನಡೆದಿದೆ. ಧೂಳಿದ್ದರೂ ಅತ್ತೆಯ ತವರಿನ ದಾರಿಯನ್ನಂತೂ ಮಾವ ಬಿಡಲೊಲ್ಲರು. ಮೊನ್ನೆ ಎಮ್ಮಿಗನೂರಿಗೆ ಹೊರಡುವ ಮುಂಚೆ ಅತ್ತೆ ಟ್ರಂಕಿನ ಬೀಗ ತೆಗೆದು, ಆ ಸೀರೆಯ ಉಳಿದ ಅರ್ಧವನ್ನು ಹೊರಗೆ ತಂದರು. ಒಮ್ಮೆ ಮೂಸಿ ನೋಡಿದರು. ಆಮೇಲೆ ಕತ್ತರಿ ಹಾಕಿ, ಪದರ ಪದರವಾಗಿ ಮಡಿಚಿ, ಅಂಗಳದಲ್ಲಿ ಮಾವನನ್ನು ಕಲ್ಲಿನ ಮೇಲೆ ಕೂರಿಸಿ ಮೂಗು ಬಾಯಿಗೆ ಸೇರಿಸಿ ಕಟ್ಟಿದರು. ಹಿಂದೆ ಎರಡು ಗಂಟು ಹಾಕಿದರು.

"ಎಳೀರಿ ನೋಡೋಣು" ಎಂದರು.

ಮಾವ ಕಣ್ಣು ಮುಚ್ಚಿ ಉಸಿರೆಳೆದರು. ಬಟ್ಟೆ ಮೂಗಿಗೆ ಅಂಟಿ, ಮತ್ತೆ ಸಡಿಲಾಯಿತು. ಮೊದಲಿನಷ್ಟು ಉದ್ದಕ್ಕೆ ಬರಲಿಲ್ಲ, ಆದರೆ ಬಂತು.

"ಪಾಸ್" ಎಂದರು ಅತ್ತೆ. ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕುಳಿತರು.