ಬಸ್ಸಿನ ಬೆನ್ನಿಗೆ ನಮ್ಮ ಹೆಸರು

ಈ ಘಟನೆ ನಡೆದದ್ದು ಹೀಗೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದಿದ ಫಲವಾಗಿ, ನೆನಪನ್ನು ನಂಬಬಾರದು ಎಂಬ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ನಂಬಿದವನು ನಾನು. ತಮ್ಮ ರಘುವಿನ ಮದುವೆ ಎಪ್ಪತ್ತರ ದಶಕದ ಕೊನೆಯಲ್ಲಿ ಆಯಿತು. ಇದು ನಿಜವಿರಬೇಕು, ಏಕೆಂದರೆ ಅವನಿಗೆ ಹೆಂಡತಿ ಇದ್ದಾಳೆ. ದಿಬ್ಬಣದ ಬಸ್ಸಿಗೆ ಕಟ್ಟಿದ ಬ್ಯಾನರಿನ ಬಟ್ಟೆ ಹಳದಿ ಬಣ್ಣದ್ದು ಎಂದು ನನ್ನ ನೆನಪು. "ಕೆಂಪು" ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ. ಆ ಬಸ್ಸು ಹತ್ತಲು ದೊಡ್ಡಪ್ಪನಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿ ಎಂದು ಹೇಳಿದೆನೋ, ಅವರ ಮನೆಯ ಹತ್ತಿರದ ಕ್ರಾಸಿನಲ್ಲಿ ನಿಲ್ಲಿ ಎಂದೆನೋ, ಅದೂ ಗೊತ್ತಿಲ್ಲ. ಆದರೆ ಆ ದಿನ ಬಂದ ಸಿಟ್ಟಿನ ಬಗ್ಗೆ ಮಾತ್ರ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಅದು ಇನ್ನೂ ಬಿಸಿಯಾಗಿಯೇ ಇದೆ!

ಹುಡುಗಿ ತೀರ್ಥಹಳ್ಳಿಯವಳು. ನಾವು ಸಾಗರದವರು. ದಿಬ್ಬಣ ಹೊರಡಿಸುವ ಜವಾಬ್ದಾರಿಯನ್ನು ಅಪ್ಪಯ್ಯ ನನಗೆ ವಹಿಸಿದರು. ಓದಿದವನು, ಯೋಜನೆ ಹಾಕಿ ಮಾಡುತ್ತಾನೆ ಎಂಬ ನಂಬಿಕೆ ಅವರದು. ನಾನು ಯೋಜನೆ ಹಾಕಿಯೇ ಮಾಡಿದೆ! ತಾಳಿ ಮಾಡಿಸಿದ್ದು ಹೊಸನಗರದ ಹತ್ತಿರವಿದ್ದ ನಮ್ಮ ದೊಡ್ಡಪ್ಪ. ಬೆಳಿಗ್ಗೆ ಸಾಗರದಿಂದ ಹೊರಟು, ದಾರಿಯಲ್ಲಿ ದೊಡ್ಡಪ್ಪನನ್ನೂ ತಾಳಿಯನ್ನೂ ಹತ್ತಿಸಿಕೊಂಡು, ಮುಹೂರ್ತಕ್ಕೆ ಮೊದಲು ಛತ್ರ ಸೇರುವುದು. ಹಿಂದಿನ ವಾರವೇ ಹೋಗಿ ಹೇಳಿ ಬಂದಿದ್ದೆ.

"ದೊಡ್ಡಪ್ಪ, ಮದುವೆ ದಿನ ಬೇಕಾದಷ್ಟು ಬಸ್ಸು ಓಡಾಡ್ತವೆ. ನೀವು ಯಾವುದ್ಯಾವುದೋ ಹತ್ತಬೇಡಿ. 'ಕೆರೆಮೂಲೆ ಮನೆಯವರ ಮದುವೆ ದಿಬ್ಬಣ' ಅಂತ ದೊಡ್ಡದಾಗಿ ಬರೆದಿರ್ತದೆ. ಆ ಬಸ್ಸೇ ನಮ್ದು."

"ಆಯ್ತು ಮಾರಾಯ," ಎಂದರು ದೊಡ್ಡಪ್ಪ.

ಪೇಂಟರನ ಹತ್ತಿರ ಬ್ಯಾನರ್ ಬರೆಸಿದೆ. ಎರಡು ಮೂಲೆಯಲ್ಲಿ ಕಳಶ, ನಡುವೆ ನಮ್ಮ ಮನೆತನದ ಹೆಸರು. ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸಿನ ಮಾಲೀಕರ ಹತ್ತಿರ ಹೋದೆ. ಆ ಬಸ್ಸಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾಲೀಕರು ಆಮೇಲೆ ಶಾಂತಾಳ ಕಡೆಯಿಂದ ನಮಗೆ ನೆಂಟರಾಗಿಬಿಟ್ಟಿದ್ದಾರೆ!

"ಬಸ್ಸು ಇಡೀ ನಿಮ್ದೇ ಸಾರ್. ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ," ಎಂದರು ಮಾಲೀಕರು.

"ಹಾಗಾದ್ರೆ ಈ ಬ್ಯಾನರನ್ನ ಮುಂದೆ ಕಟ್ಟಿಸಿ."

"ಮುಂದೆ ಆಗಲ್ಲ ಸಾರ್. ಅಲ್ಲಿ ನಮ್ಮ ಬಸ್ಸಿನ ಹೆಸರಿದೆ. ಕೆಳಗೆ ಸಾಗರ–ತೀರ್ಥಹಳ್ಳಿ ಅಂತ ಊರಿನ ಬೋರ್ಡಿದೆ. ಅದೆರಡೂ ಮುಚ್ಚೋ ಹಾಗಿಲ್ಲ."

"ಬಸ್ಸು ಇಡೀ ನಮ್ದು ಅಂದ್ರಲ್ಲ!"

"ಬಸ್ಸು ನಿಮ್ದು. ಹೆಸರು ನಮ್ದು."

ನನ್ನ ರಕ್ತ ಕುದಿಯಿತು. "ನೋಡಿ, ನಾನು ಬಾಡಿಗೆ ಮನೆಯಲ್ಲಿದ್ದೇನೆ. ಬಾಗಿಲ ಮೇಲೆ ನನ್ನ ಹೆಸರಿದೆಯೇ ಹೊರತು ಮನೆ ಮಾಲೀಕರದ್ದಲ್ಲ!"

"ಮನೆ ಓಡಾಡಲ್ಲವಲ್ಲ ಸಾರ್."

ಮುಂದೆಯೇ ಹೆಸರು ಬೇಕಾದರೆ ಶಿವಮೊಗ್ಗದಿಂದ ದೊಡ್ಡ ಟೂರಿಸ್ಟ್ ಬಸ್ಸು ತರಿಸಿಕೊಡುತ್ತಾರಂತೆ. ಅದಕ್ಕೆ ಏನು ಬೇಕಾದರೂ ಕಟ್ಟಿಕೊಳ್ಳಬಹುದಂತೆ. ಆದರೆ ಮೂರು ದಿನಕ್ಕೆ ಕಡಿಮೆ ಬಾಡಿಗೆಗೆ ಕೊಡುವುದಿಲ್ಲವಂತೆ!

"ಮದುವೆ ಇರೋದು ಒಂದೇ ದಿನ ಅಲ್ವೇನ್ರೀ!"

"ಹಾಗಾದ್ರೆ ಹಿಂದೆ ಕಟ್ಕೊಳ್ಳಿ ಸಾರ್."

ಹಿಂದೆ ಕಟ್ಟುವುದಕ್ಕೂ ನಿಬಂಧನೆಗಳು! ಮೊಳೆ ಹೊಡೆಯಬಾರದು. ಗೋಂದು ಹಚ್ಚಬಾರದು. ನಂಬರ್ ಪ್ಲೇಟು ಮುಚ್ಚಬಾರದು. ಏಣಿಗೆ ಅಡ್ಡ ಬರಬಾರದು. 'ಹಾರ್ನ್ ಮಾಡಿ' ಎಂಬ ಬರಹ ಕಾಣುತ್ತಿರಬೇಕು. ಇವೆಲ್ಲವನ್ನೂ ಪಾಲಿಸಿದ ಮೇಲೆ ಆ ಬಸ್ಸಿನ ಬೆನ್ನಿನಲ್ಲಿ ಉಳಿದದ್ದು ಒಂದು ಪಂಚೆಯ ಅಂಚಿನಷ್ಟು ಜಾಗ. ಬ್ಯಾನರನ್ನು ಎರಡು ಕಡೆ ಮಡಚಿ ಕಟ್ಟಬೇಕಾಯಿತು. ಮದುವೆಯೂ ದಿಬ್ಬಣವೂ ಮಡಿಕೆಯೊಳಗೆ ಹೋದವು. ಉಳಿದದ್ದನ್ನೂ ಅದರ ಕೆಳಗಿದ್ದದ್ದನ್ನೂ ಕೂಡಿಸಿ ಓದಿದರೆ "ಕೆರೆಮೂಲೆ ಮನೆಯವರ ಹಾರ್ನ್ ಮಾಡಿ" ಎಂದಾಗುತ್ತಿತ್ತು!

ದೊಡ್ಡಪ್ಪನಿಗೆ ಈ ಬದಲಾವಣೆ ತಿಳಿಸಲು ಅವರ ಮನೆಯಲ್ಲಿ ಫೋನಿರಲಿಲ್ಲ. ಇರಲಿ, ನಾನೇ ಬಸ್ಸಿನಲ್ಲಿರುತ್ತೇನಲ್ಲ ಎಂದುಕೊಂಡೆ. ಎಂಥ ಆತ್ಮವಿಶ್ವಾಸ!

ಮದುವೆಯ ಬೆಳಿಗ್ಗೆ ಬಸ್ಸು ಹೊರಟಿತು. ಊರು ದಾಟಿದ ಮೊದಲನೇ ಸ್ಟಾಪಿನಲ್ಲೇ ಒಬ್ಬಾತ ಕೈ ತೋರಿಸಿದ. ಬಸ್ಸು ನಿಂತಿತು. ಆತ ಹತ್ತಿದ.

"ಯಾಕ್ರೀ ನಿಲ್ಲಿಸಿದ್ರಿ?" ಎಂದು ಡ್ರೈವರನ್ನು ಕೇಳಿದೆ.

"ಕೈ ತೋರಿಸಿದ್ರೆ ಕಾಲು ತಾನಾಗೇ ಬ್ರೇಕಿಗೆ ಹೋಗ್ತದೆ ಸಾರ್. ಅಭ್ಯಾಸ."

ತಪ್ಪು ಹತ್ತಿದವನದೂ ಅಲ್ಲ. ಮುಂದೆ ದಿನಾ ನೋಡುವ ಅದೇ ಹೆಸರು, ಅದೇ ಸಾಗರ–ತೀರ್ಥಹಳ್ಳಿ ಬೋರ್ಡು! ಮುಂದಿನ ಸ್ಟಾಪಿನಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ಇಬ್ಬರು ಹತ್ತಿದರು. ಅದರ ಮುಂದಿನದರಲ್ಲಿ ಬುಟ್ಟಿ ತುಂಬ ಶುಂಠಿ ಹೊತ್ತ ಒಬ್ಬ ಅಜ್ಜಿ.

"ಅಜ್ಜೀ, ಇದು ಮದುವೆ ಬಸ್ಸು!" ಎಂದೆ.

"ಇರ್ಲಿ ಬಿಡಪ್ಪ, ನಂಗೇನೂ ತೊಂದ್ರೆ ಇಲ್ಲ."

ಅವಳು ನೇರವಾಗಿ ಬಾಸಿಂಗದ ಪೆಟ್ಟಿಗೆ ಹಿಡಿದು ಕೂತಿದ್ದ ರಘುವಿನ ಪಕ್ಕ ಹೋಗಿ, "ನೀನಾ ಮದುಮಗ? ಚೂರು ಸರ್ಕೊ," ಎಂದು ಕುಳಿತಳು. ಶುಂಠಿ ಬುಟ್ಟಿಯನ್ನು ಅವನ ತೊಡೆಯ ಮೇಲಿಟ್ಟಳು. ಇಷ್ಟರಲ್ಲಿ ಕಂಡಕ್ಟರು ಅವಳಿಗೆ ಟಿಕೆಟ್ ಹರಿದುಕೊಟ್ಟ!

ನಮ್ಮ ಅತ್ತೆಯರು, ಚಿಕ್ಕಮ್ಮಂದಿರು ರೇಷ್ಮೆ ಸೀರೆ ಉಟ್ಟು ನಿಂತಿದ್ದಾರೆ. ಅಪರಿಚಿತರು ಕೂತಿದ್ದಾರೆ. ನಾನು ಬಸ್ಸಿನ ನಡುವೆ ನಿಂತು ಗರ್ಜಿಸಿದೆ: "ಡ್ರೈವರ್ರೇ! ಹೊಸನಗರ ಬಸ್‌ಸ್ಟ್ಯಾಂಡು ಬರೋವರೆಗೂ ಸಾಕ್ಷಾತ್ ದೇವರೇ ಕೈ ತೋರಿಸಿದ್ರೂ ನಿಲ್ಲಿಸಕೂಡದು!"

"ಸರಿ ಸಾರ್," ಎಂದ ಡ್ರೈವರು. ಮೊದಲ ಸಲ ಒಬ್ಬರು ನನ್ನ ಮಾತು ಕೇಳಿದರು. ಅದೇ ಮುಳುವಾಯಿತು.

ಆಮೇಲೆ ಹಿಂದಿನ ಬಾಗಿಲ ಹತ್ತಿರ ನಿಂತು ಕಂಡಕ್ಟರನ ಜೊತೆ ಜಗಳಕ್ಕೆ ಇಳಿದೆ. ಬಾಡಿಗೆದಾರನ ಹಕ್ಕುಗಳನ್ನು ಒಂದೊಂದಾಗಿ ವಿವರಿಸುತ್ತಿದ್ದೆ. ಬಸ್ಸಿನ ಸದ್ದಿಗಿಂತ ಮೇಲೆ ಕೇಳಬೇಕಾದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ವಿವರಿಸುತ್ತಿದ್ದೆ. ಹೊಸನಗರ ಇನ್ನೇನು ಹತ್ತಿರ ಬಂತು ಎನ್ನುವಾಗ ಒಂದು ಕ್ರಾಸು ಹಾದುಹೋಯಿತು. ಅಲ್ಲಿ ಕೊಡೆ ಹಿಡಿದು ನಿಂತಿದ್ದ ಒಬ್ಬ ಮುದುಕರು, ಬಸ್ಸು ತಮ್ಮನ್ನು ದಾಟಿದ ಮೇಲೆ ಥಟ್ಟನೆ ಕೈ ಎತ್ತಿದರು. ಎತ್ತಿದವರು ಓಡತೊಡಗಿದರು. ಧೂಳಿನಲ್ಲಿ ಬರೀ ಕೊಡೆ ಕಂಡಿತು.

"ನೋಡಿ, ಇನ್ನೊಬ್ಬರು! ಒತ್ತಿ ಡ್ರೈವರ್ರೇ, ಒತ್ತಿ!" ಎಂದು ಕೂಗಿದೆ.

ಶಾಂತಾ ಕಿಟಕಿಯಿಂದ ತಿರುಗಿ ನೋಡುತ್ತಲೇ ಇದ್ದಳು. "ರೀ, ಅವರು ದೊಡ್ಡಪ್ಪಯ್ಯನ ಹಾಗೆ ಕಂಡ್ರಲ್ಲ?"

"ದೊಡ್ಡಪ್ಪ ಓಡೋದನ್ನ ನೀನು ಯಾವತ್ತಾದ್ರೂ ನೋಡಿದೀಯಾ?"

"ಇಲ್ಲ."

"ಮತ್ತೆ? ದೊಡ್ಡಪ್ಪ ಬಸ್‌ಸ್ಟ್ಯಾಂಡಿನಲ್ಲಿರ್ತಾರೆ. ಆಧಾರ ಇಲ್ಲದೆ ತೀರ್ಮಾನಕ್ಕೆ ಬರಬಾರದು."

ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಪ್ಪ ಇರಲಿಲ್ಲ. ಕಾದೆವು. ಬರಲಿಲ್ಲ. ಆಧಾರ ಸಿಕ್ಕಿತು!

ಬಸ್ಸು ತಿರುಗಿಸಿಕೊಂಡು ಕ್ರಾಸಿಗೆ ಹೋದರೆ ಅಲ್ಲಿ ಯಾರೂ ಇಲ್ಲ. ಅವರ ಮನೆಗೆ ಬೀಗ; ದೊಡ್ಡಮ್ಮ ಆ ತಿಂಗಳು ಮಗಳ ಬಾಣಂತನಕ್ಕೆ ಹೋಗಿದ್ದರು. ಅಪ್ಪಯ್ಯ ವಾಚು ನೋಡಿಕೊಂಡರು. ಅಮ್ಮ ಸೆರಗು ಬಾಯಿಗೊತ್ತಿಕೊಂಡರು. ಬಸ್ಸಿನಲ್ಲಿ ಮದುಮಗನಿದ್ದಾನೆ, ಬಾಸಿಂಗವಿದೆ, ಬುಟ್ಟಿ ತುಂಬ ಶುಂಠಿ ಇದೆ. ತಾಳಿ ಇಲ್ಲ!

"ಅಣ್ಣಯ್ಯ, ಮುಹೂರ್ತ ಮೀರಿದ್ರೆ ಅವರು ಏನಂತಾರೆ?" ಎಂದ ರಘು. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಅಳಬೇಡ ಮಗಾ, ಅರಿಶಿನದ ಕೊಂಬು ಕಟ್ಟಿದ್ರೂ ಆಗ್ತದೆ," ಎಂದು ಅಜ್ಜಿ ಸಮಾಧಾನ ಮಾಡಿದಳು. ಇಡೀ ಬಸ್ಸಿನಲ್ಲಿ ಒಂದು ಉಪಯುಕ್ತ ಸಲಹೆ ಕೊಟ್ಟವಳು ಟಿಕೆಟ್ ತೆಗೆದುಕೊಂಡವಳು ಮಾತ್ರ!

ತೀರ್ಥಹಳ್ಳಿಯ ಛತ್ರದ ಮುಂದೆ ಎಲ್ಲರಿಗಿಂತ ಕೊನೆಯಲ್ಲಿ ಇಳಿದೆ. ಒಳಗೆ ಹೋದರೆ, ಜಮಖಾನದ ಮೇಲೆ ದೊಡ್ಡಪ್ಪ ಕೂತು ಕಾಫಿ ಕುಡಿಯುತ್ತಿದ್ದಾರೆ! ತಲೆಯಿಂದ ಕಾಲಿನವರೆಗೆ ಮರಳು. ಪಕ್ಕದಲ್ಲಿ ತಾಳಿಯ ಡಬ್ಬಿ.

"ಎಂತ ಮಾರಾಯ, ಎಲ್ಲಿ ಹಾಳಾಗಿ ಹೋಗಿದ್ರಿ? ಪುರೋಹಿತರು ಎರಡು ಸಲ ಕೇಳಿದ್ರು."

"ದೊಡ್ಡಪ್ಪ, ನೀವು ಹೇಗೆ ಬಂದ್ರಿ?"

"ಮರಳು ಲಾರಿಲಿ. ಅದಕ್ಕೆ ಬೋರ್ಡೇ ಇರ್ಲಿಲ್ಲ. ಕೈ ತೋರಿಸ್ದೆ, ನಿಂತ್ಕೊಳ್ತು."

"ನಮ್ಮ ಬಸ್ಸಿಗೂ ಕೈ ತೋರಿಸಿದ್ರಲ್ಲ..."

"ನಿಮ್ದೇ ಬಸ್ಸು ಅಂತ ಗೊತ್ತಾಗೋ ಹೊತ್ತಿಗೆ ಅದು ದಾಟಿಹೋಗಿತ್ತು."

ಮುಹೂರ್ತಕ್ಕೆ ಸರಿಯಾಗಿ ಹುಡುಗಿಯ ಕೊರಳಿಗೆ ತಾಳಿ ಬಿತ್ತು. ನನ್ನ ಮೈಯೆಲ್ಲ ಹಗುರಾಯಿತು. ಹಗುರಾದ ಜಾಗದಲ್ಲಿ ಸಿಟ್ಟು ಬಂದು ತುಂಬಿಕೊಂಡಿತು. ಊರಿಗೆ ಬಂದವನೇ ಮಾಲೀಕರ ಮುಂದೆ ನಿಂತೆ.

"ಕೇಳಿ! ಬೆನ್ನಿಗೆ ಕಟ್ಟಿದ ಹೆಸರು ಬಸ್ಸು ತಪ್ಪಿಸಿಕೊಂಡವರಿಗೆ ಮಾತ್ರ ಕಾಣ್ತದೆ! ಮುಂದೆ ಕಟ್ಟಲು ಬಿಟ್ಟಿದ್ರೆ ನಮ್ಮ ದೊಡ್ಡಪ್ಪ ದೂರದಿಂದಲೇ ಓದಿ ಕೈ ಎತ್ತಿರ್ತಿದ್ರು. ಹಿಂದೆ ಇದ್ದದ್ದರಿಂದ ಬಸ್ಸು ದಾಟಿದ ಮೇಲೆ ಓದಿದ್ರು!"

ಮಾಲೀಕರು ಶಾಂತವಾಗಿ ಹೇಳಿದರು: "ಅಂತೂ ಓದಿದ್ರಲ್ಲ ಸಾರ್."

ಈ ಅನ್ಯಾಯದ ಕಥೆಯನ್ನು ನಾನು ಸಿಕ್ಕಸಿಕ್ಕ ಮದುವೆ ಮನೆಗಳಲ್ಲಿ ವರ್ಷಗಟ್ಟಲೆ ಹೇಳಿದೆ. ಮುಂದೆ ಹೆಸರು, ಹಿಂದೆ ಹೆಸರು, ಗ್ರಾಹಕನ ಹಕ್ಕು ಎಂದು ಒಂದು ಸಿದ್ಧಾಂತವನ್ನೇ ಕಟ್ಟಿದ್ದೆ. ಕೇಳಿದವರೆಲ್ಲ ಮಾಲೀಕರದ್ದೇ ತಪ್ಪು ಎಂದು ತಲೆ ಆಡಿಸಿದರು.

ಎಂಬತ್ತರ ದಶಕದಲ್ಲಿ ಒಮ್ಮೆ ದೊಡ್ಡಪ್ಪನ ಕಣ್ಣಿಗೆ ಆಪರೇಷನ್ ಆಯಿತು. ನೋಡಲು ಹೋದಾಗ ದೊಡ್ಡಮ್ಮ ಮಾತಿನ ನಡುವೆ ಒಂದು ವಿಷಯ ಹೇಳಿದರು. ನಾನು ನಂಬಲಿಲ್ಲ. ಕಣ್ಣಿನ ಡಾಕ್ಟರನ್ನು ಕೇಳಿದೆ, ಇರಬಹುದು ಎಂದರು. ಕೊನೆಗೆ ದೊಡ್ಡಪ್ಪನನ್ನೇ ಕೇಳಿದೆ, ಹೌದು ಎಂದರು. ಹಾಗಾಗಿ ಈ ಇಡೀ ಬರಹದಲ್ಲಿ ನಾನು ವಿಚಾರಿಸಿ ಖಚಿತಪಡಿಸಿಕೊಂಡ ಸಂಗತಿ ಇದೊಂದೇ: ರಘುವಿನ ಮದುವೆಯ ಹೊತ್ತಿಗಾಗಲೇ ದೊಡ್ಡಪ್ಪನ ಎರಡೂ ಕಣ್ಣಿಗೆ ಪೊರೆ ಬಂದು, ಮುಂದಿನದಾಗಲಿ ಹಿಂದಿನದಾಗಲಿ ಯಾವ ಬಸ್ಸಿನ ಯಾವ ಅಕ್ಷರವೂ ಅವರಿಗೆ ಕಾಣುತ್ತಿರಲಿಲ್ಲ. ಅವರು ಕೈ ಎತ್ತಿದ್ದು, ಹಿಂದಿನ ಬಾಗಿಲಲ್ಲಿ ಹೆಸರಿಗಾಗಿ ಜಗಳವಾಡುತ್ತಿದ್ದ ನನ್ನ ಗಂಟಲು ಕೇಳಿ!