ಅತ್ತೆಯವರು ನೋಡಿದ ಲೂಪು

ಪರದೆಯ ಮೇಲೆ ತಪ್ಪು ತೋರಿಸುವ ಕೆಂಪಕ್ಷರ ಕಾಣದಿದ್ದರೆ ಎಲ್ಲವೂ ಸರಿಯಾಗಿದೆ ಎಂದು ನಂಬುವವರಲ್ಲಿ ನಾನೂ ಒಬ್ಬ. ಹುಣಸೂರಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಇದು ಹೇಳಿಕೊಳ್ಳುವಂಥ ಗುಣವಲ್ಲ. ಮಗಳ ನಾಮಕರಣಕ್ಕೆ ಕರೆಯಬೇಕೆಂದು ಅತ್ತೆಯವರು ಹನ್ನೆರಡು ಮನೆಗಳ ಹೆಸರು ಹೇಳಿ, "ಕವರ್ ಮೇಲೆ ಬರ್ಕೊಡಿ ಅಳಿಯಂದ್ರೇ" ಎಂದರು. ಪೆನ್ನು ಹಿಡಿದರೆ ಹತ್ತು ನಿಮಿಷದ ಕೆಲಸ. ನಾನು ಜಾವಾಸ್ಕ್ರಿಪ್ಟಿನಲ್ಲಿ ಪ್ರೋಗ್ರಾಮು ಬರೆಯಲು ಕುಳಿತೆ. ಪಟ್ಟಿಯಿಂದ ಒಂದೊಂದೇ ಹೆಸರೆತ್ತಿ ಕವರಿಗೆ ಹಾಕುತ್ತ ಸುತ್ತುವ ನಾಲ್ಕು ಸಾಲಿನ ಲೂಪು. ಇಡೀ ಭಾನುವಾರ ಬೇಕಾಯಿತು. ಕೆಂಪಕ್ಷರ ಬರಲಿಲ್ಲ. ಸಾಕಲ್ಲ!

ಮುದ್ರಿಸುವ ಮುನ್ನ, ತಪ್ಪು ಹುಡುಕಲೆಂದು ಪ್ರೋಗ್ರಾಮನ್ನು ತಡೆತಡೆದು ನಡೆಸುವ ಬ್ರೌಸರಿನೊಳಗಿನ ಡೀಬಗ್ಗರ್ ಪ್ರತಿ ಸುತ್ತಿಗೂ ಹೇಗೆ ನಿಲ್ಲುತ್ತದೆ ನೋಡೋಣವೆಂಬ ಚಪಲ ಹುಟ್ಟಿತು. ಕೀಲಿ ಒತ್ತಿದರೆ ಒಂದು ಹೆಜ್ಜೆ. ಮತ್ತೆ ಒತ್ತುವವರೆಗೆ ಅಲ್ಲೇ ನಿಂತಿರುತ್ತದೆ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅತ್ತೆಯವರೂ ಪಕ್ಕದಲ್ಲಿ ಕೂತರು. ಪರದೆಯ ಮೇಲೆ ಮೊದಲು ಬಂದವರು ರಾವಂದೂರಿನ ಪುಟ್ಟತಾಯಮ್ಮ. ನಾನು ಮತ್ತೆ ಬೆರಳೆತ್ತಿದೆ.

"ತಡೀರಿ, ಓಡುಸ್ಬೇಡಿ. ನಿಮ್ ಎಂಡ್ರು ಉಟ್ದಾಗ ಮೂರ್ ತಿಂಗ್ಳು ನೀರ್ ಉಯ್ದಿದ್ದು ಈವಮ್ಮನೇ ಕಣ್ರೀ."

ಅಲ್ಲಿಂದ ಸುತ್ತಿಗೊಂದು ಕಥೆ. ಕೆ.ಆರ್. ನಗರದ ಬೋರೇಗೌಡರು ಬಂದಾಗ, ಅವರು ನಮ್ಮ ಮದುವೆಗೆಂದು ತಂದು ಬಸ್ಸಿನಲ್ಲಿ ತಾವೇ ತಿಂದು ಮುಗಿಸಿದ ಕೊಬ್ಬರಿ ಮಿಠಾಯಿಯ ಕಥೆ ಬಂತು. ಪಿರಿಯಾಪಟ್ಟಣದ ತಮ್ಮ ಅಣ್ಣನ ಹೆಸರಿಗೆ ಅತ್ತೆ ಕಣ್ಣೊರೆಸಿಕೊಂಡರು. ಡೀಬಗ್ಗರ್ ನಿಂತೇ ಇತ್ತು. ಅಷ್ಟು ತಾಳ್ಮೆಯಿಂದ ಅವರ ಮಾತನ್ನು ನಾನೆಂದೂ ಕೇಳಿರಲಿಲ್ಲ.

ಹನ್ನೊಂದನೆಯ ಹೆಸರಾದ ಮೇಲೆ ಕೀಲಿ ಒತ್ತಿದರೆ ಅದು ಲೂಪಿನಿಂದಲೇ ಆಚೆ ನಡೆದುಬಿಟ್ಟಿತು.

"ನಮ್ ಸಣ್ಣಮ್ಮ ಎಲ್ಲಿ?" ಎಂದರು ಅತ್ತೆ.

ಸಣ್ಣಮ್ಮ ಎಚ್.ಡಿ. ಕೋಟೆಯಲ್ಲಿರುವ ಅವರ ತಂಗಿ. ನಮ್ಮ ಮದುವೆಯಲ್ಲಿ ಯಾರೂ ಊಟಕ್ಕೆ ಕರೆಯಲಿಲ್ಲವೆಂದು ನಾಲ್ಕು ವರ್ಷ ಮಾತು ಬಿಟ್ಟಿದ್ದವರು, ಮಗು ಹುಟ್ಟಿದ್ದು ತಿಳಿದು ಮೊನ್ನೆಯಷ್ಟೇ ತಾವಾಗಿ ಫೋನ್ ಮಾಡಿದ್ದರು.

"ಬತ್ತೀನಿ ಕಣಕ್ಕ ಅಂದವ್ಳೆ. ಅವ್ಳುನ್ನೇ ಬುಟ್ಬುಟ್ರಾ?" ಅತ್ತೆ ನನ್ನತ್ತ ತಿರುಗಿದರು.

ನೋಡಿದರೆ, ಪಟ್ಟಿ ಮುಗಿಯಲು ಒಂದು ಹೆಸರು ಬಾಕಿಯಿರುವಾಗಲೇ ನಿಲ್ಲುವಂತೆ ಬರೆದಿದ್ದೆ. ತಿದ್ದಿ ಮತ್ತೆ ಓಡಿಸಿದೆ. ಹನ್ನೆರಡನೆಯ ಸುತ್ತಿಗೆ ಸಣ್ಣಮ್ಮ ಬಂದು ನಿಂತರು. "ಒಂದ್ ಗಳ್ಗೆ ಅಂಗೇ ಇರ್ಲಿ ಬುಡಿ" ಎಂದು ಅತ್ತೆ ಆ ಹೆಸರನ್ನೇ ನೋಡುತ್ತ ಕೂತರು.

ಒಳಗಿಂದಲೇ ಎಲ್ಲ ಕೇಳಿಸಿಕೊಂಡು ಎದ್ದು ಬಂದ ಹೆಂಡತಿಗೆ ನಾನು ಬೀಗುತ್ತ ಹೇಳಿದೆ: "ಎಂಥಾ ತಪ್ಪು ಹಿಡೀತು ಕಣೇ ಈ ಡೀಬಗ್ಗರ್!"

"ಹಿಡಿದಿದ್ದು ಅವ್ವ ಅಲ್ವಾ?"

"ಹೂಂ, ಇಬ್ರೂ ಸೇರಿ."

"ತಪ್ಪು ಮಾಡಿದ್ದು ಯಾರು?"

ಪ್ರಿಂಟರಿಗೆ ಕಾಗದ ತರುವುದಿದೆ ಎಂದು ನಾನು ಚಪ್ಪಲಿ ಮೆಟ್ಟಿಕೊಂಡೆ.