ಜೀಪಿಗೆ ಕೀಲುನೋವಿನ ರಜೆ

ನೀರು ಸರಬರಾಜು ಕಚೇರಿಯ ಹಳೆಯ ಜೀಪು ಕೀಲುನೋವಿನ ನಿಮಿತ್ತ ವೈದ್ಯಕೀಯ ರಜೆಯಲ್ಲಿದೆ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ.

ನಾಲ್ಕೂ ಚಕ್ರ ಎಳೆಯುವ ಆ ಜೀಪು ಬಿಟ್ಟರೆ ಗುಡ್ಡದ ಮೇಲಿನ ಪಂಪಿಗೆ ಡೀಸೆಲ್ ಹೊತ್ತೊಯ್ಯುವ ಗಾಡಿ ಊರಿನಲ್ಲಿ ಇನ್ನೊಂದಿಲ್ಲ. ಅದು ಹತ್ತಿದರೆ ಮೇಲಿನ ಬೀದಿಗೆ ನೀರು, ಹತ್ತದಿದ್ದರೆ ಇಲ್ಲ. ಒಂದು ದಿನ ಅದರ ಹೊಟ್ಟೆಯಡಿಯಿಂದ ಟಕ್ ಟಕ್ ಸದ್ದು ಶುರುವಾಯಿತು. ಡ್ರೈವರ್ ಕೆಳಗೆ ನುಸುಳಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟನ್ನು ಹಿಡಿದು ಅಲ್ಲಾಡಿಸಿದ. ಎರಡೂ ತುದಿಯ ಯೂನಿವರ್ಸಲ್ ಜಾಯಿಂಟುಗಳು ಸಡಿಲ ಹಲ್ಲಿನಂತೆ ಆಡುತ್ತಿದ್ದವು. ಹೊಸವು ಬೇಕೆಂದು ಅರ್ಜಿ ಕೊಟ್ಟ.

ಪರಭಾಷೆಯ ಪದಗಳಿವೆ ಎಂಬ ಆಕ್ಷೇಪದೊಂದಿಗೆ ಅರ್ಜಿ ವಾಪಸಾಯಿತು. ಭಾಷಾಭಿಮಾನಿ ಗುಮಾಸ್ತರು ತಾವೇ ತಿದ್ದಿ ಕೊಟ್ಟರು: "ಹಿಂಬದಿಯ ಸಾರ್ವತ್ರಿಕ ಕೀಲುಗಳು ಸವೆದಿದ್ದು, ಏರು ಹತ್ತುವಾಗ ಶಬ್ದ ಬರುತ್ತಿರುವುದರಿಂದ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ." ಕೀಲು ಎಂದ ಮೇಲೆ ಅದು ಆಸ್ಪತ್ರೆಯ ಬಾಬತ್ತು. ಸಾಹೇಬರು ಅರ್ಜಿಯನ್ನು ಮೂಳೆ ಡಾಕ್ಟರಿಗೆ ಕಳಿಸಿದರು.

ಡಾಕ್ಟರು ಖುದ್ದಾಗಿ ಶೆಡ್ಡಿಗೆ ಬಂದರು.

"ವಯಸ್ಸೆಷ್ಟು?"

"ನನಗಾ ಸಾರ್, ಇದಕ್ಕಾ?" ಎಂದ ಡ್ರೈವರ್.

"ನೋವು ಯಾರಿಗೆ?"

"ಇದಕ್ಕೇ."

"ಮತ್ತೆ? ಇದರದ್ದೇ ಹೇಳಿ."

"ನನಗಿಂತ ದೊಡ್ಡದು ಸಾರ್."

"ಈ ವಯಸ್ಸಲ್ಲಿ ಗುಡ್ಡ ಹತ್ತಿಸ್ತೀರಲ್ರೀ, ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಡ್ರೈವರನಿಗೆ ನಿಜಕ್ಕೂ ನಾಚಿಕೆಯಾಯಿತು. ಡಾಕ್ಟರು ಸಂಪೂರ್ಣ ವಿಶ್ರಾಂತಿ ಮತ್ತು ಪೌಷ್ಟಿಕ ಆಹಾರ ಬರೆದುಕೊಟ್ಟರು. ಮರುದಿನದಿಂದಲೇ ಶೆಡ್ಡಿಗೆ ಹಾಲು, ಹಣ್ಣು ಬರತೊಡಗಿದವು. ರೋಗಿ ಬಾಯಿ ತೆರೆಯದ ಕಾರಣ, ಸಾಹೇಬರು ಮತ್ತು ಗುಮಾಸ್ತರನ್ನೊಳಗೊಂಡ ಉಪಸಮಿತಿಯೊಂದು ಅದರ ಪರವಾಗಿ ಸೇವಿಸಿತು. ಸಾಹೇಬರ ಕೆನ್ನೆ ತುಂಬಿಕೊಂಡಿತು. ಚಿಕಿತ್ಸೆ ಫಲ ಕೊಡುತ್ತಿರುವುದನ್ನು ಗಮನಿಸಿ ರಜೆಯನ್ನು ವಿಸ್ತರಿಸಲಾಯಿತು.

ಇತ್ತ ಮೇಲಿನ ಬೀದಿಯ ನಲ್ಲಿಗಳು ಬರೀ ಗಾಳಿ ಬಿಡುತ್ತಿದ್ದವು. ಡ್ರೈವರನ ಮನೆಯೂ ಅದೇ ಬೀದಿಯಲ್ಲಿತ್ತು. ಕೆಳಗಿನಿಂದ ಕೊಡ ಹೊತ್ತು ಹೊತ್ತು ಅವನ ಹೆಂಡತಿಗೆ ಸಾಕುಸಾಕಾಗಿತ್ತು.

"ನನ್ನ ಕೀಲು ಯಾವ ಡಾಕ್ಟರೂ ನೋಡಲ್ಲ ಅಲ್ವಾ?" ಎಂದಳು. "ಈ ನಲ್ಲಿಯಲ್ಲಿ ನೀರು ಬರೋವರೆಗೂ ನೀವು ಆ ಜೀಪಲ್ಲೇ ಮಲಗಿ."

ಭಾನುವಾರ ಕಚೇರಿಗೆ ಬೀಗ ಬಿದ್ದಿದ್ದಾಗ ಡ್ರೈವರ್ ತನ್ನ ಭಾವಮೈದುನನನ್ನು ಕರೆದುಕೊಂಡು ಶೆಡ್ಡಿಗೆ ಹೋದ. ಇಬ್ಬರೂ ಸೇರಿ ಶಾಫ್ಟ್ ಇಳಿಸಿದರು, ಸುತ್ತಿಗೆಯಿಂದ ತಟ್ಟಿ ತಟ್ಟಿ ಹಳೆಯ ಜಾಯಿಂಟುಗಳನ್ನು ಹೊರತೆಗೆದರು. ಒಳಗಿನ ಸೂಜಿಯಂಥ ಬೇರಿಂಗುಗಳು ಕೆಂಪು ಪುಡಿಯಾಗಿ ಉದುರಿದವು. ಡ್ರೈವರ್ ತನ್ನ ದುಡ್ಡಲ್ಲೇ ಕೊಂಡು ತಂದಿದ್ದ ಹೊಸವನ್ನು ಕೂರಿಸಿ ಗ್ರೀಸು ತುಂಬಿದರು. ಜೀಪು ತುಟಿಪಿಟಕ್ಕೆನ್ನದೆ ಗುಡ್ಡ ಹತ್ತಿತು. ನಲ್ಲಿ ಕೆಮ್ಮಿ, ಸೀನಿ, ಕೊನೆಗೆ ನೀರು ಸುರಿಸಿತು. ಡ್ರೈವರನಿಗೆ ಕುಣಿಯುವಷ್ಟು ಖುಷಿಯಾಯಿತು. ಅಂದು ಅವನು ಮನೆಯೊಳಗೇ ಮಲಗಿದ.

ಸೋಮವಾರ ಅವನಿಗೆ ನೋಟಿಸು ಬಂತು. ರಜೆಯಲ್ಲಿರುವ ರೋಗಿಯನ್ನು ದುಡಿಸಿಕೊಂಡ ಆರೋಪ. ಜೀಪು ಗುಡ್ಡ ಹತ್ತಿದ್ದು ರುಜುವಾತಾದರೆ ರಜೆ ರದ್ದು, ಹಾಲು ಬಂದ್, ವಿಚಾರಣೆ ಮುಗಿಯುವವರೆಗೆ ನೀರೂ ಬಂದ್. ಸಾಹೇಬರು ಸ್ಥಳ ತನಿಖೆಗೆ ಹೊರಟರು. ಜೀಪು ರಜೆಯಲ್ಲಿದ್ದುದರಿಂದ ನಡೆದೇ ಹೋದರು.

ಮೇಲಿನ ಬೀದಿಗೆ ಏದುಸಿರು ಬಿಡುತ್ತಾ ಬಂದು ಡ್ರೈವರನ ಹೆಂಡತಿಯನ್ನೇ ಕೇಳಿದರು. "ನಿನ್ನೆಯಿಂದ ನೀರು ಬರ್ತಿದೆಯೇನಮ್ಮ?"

"ಎಲ್ಲಿ ಬರುತ್ತೆ ಸಾರ್? ಒಂದು ತೊಟ್ಟೂ ಇಲ್ಲ" ಎಂದಳು ಅವಳು, ನಲ್ಲಿಯಡಿಯ ಕೊಡ ತುಂಬಿದ್ದರಿಂದ ಇನ್ನೊಂದನ್ನು ಇಡುತ್ತಾ. ಅಕ್ಕಪಕ್ಕದವರೂ ಒದ್ದೆ ಕೈ ಒರೆಸಿಕೊಂಡು ಬಂದು ಅದನ್ನೇ ಹೇಳಿದರು.

ಸಾಹೇಬರ ಜೀವಕ್ಕೆ ಸಮಾಧಾನವಾಯಿತು. ಹಾಲಿಗೇನೂ ಅಡ್ಡಿಯಿರಲಿಲ್ಲ.

"ಗಂಟಲು ಒಣಗಿದೆ. ಕುಡಿಯೋಕೆ ಏನಾದ್ರೂ ಕೊಡಮ್ಮ."

ಅವಳು ನಲ್ಲಿಗೇ ಲೋಟ ಹಿಡಿದು ತುಂಬಿ ಕೊಟ್ಟಳು. ಸಾಹೇಬರು ಗಟಗಟನೆ ಕುಡಿದರು, ಇನ್ನೊಂದು ಲೋಟ ಕೇಳಿ ಅದನ್ನೂ ಮುಗಿಸಿದರು. ಬಾಯಿ ಒರೆಸಿಕೊಂಡು, ಮೇಲಿನ ಬೀದಿಗೆ ನೀರು ಬರುತ್ತಿಲ್ಲವೆಂದು ಖುದ್ದಾಗಿ ಪರಿಶೀಲಿಸಿ ದೃಢೀಕರಿಸಿದರು.